ತಣ್ಣೀರಿನ ಡೈವಿಂಗ್‌ನಲ್ಲಿ ಕೈ ಮರಗಟ್ಟುತ್ತಿದೆಯೇ? ಹೊಸ ಗ್ಲೌಸ್ ಕೊಳ್ಳುವ ಮೊದಲು ದೋಷ ಹುಡುಕಿ

"ಅಣ್ಣಾ, ನೀರಾಗ ಕೈ ಮರಗಟ್ಟತಾವ. ಯಾವ ಗ್ಲೌಸ್ ತಗೊಳ್ಳಿ?"

ನನ್ನ ಫೋನಿಗೆ ಬರುವ ಮೆಸೇಜು ಹೆಚ್ಚುಕಡಿಮೆ ಇಷ್ಟೇ ಇರುತ್ತದೆ. ಇದಕ್ಕೆ ಗ್ಲೌಸಿನ ಹೆಸರು ಹೇಳುವುದನ್ನು ನಾನು ಬಿಟ್ಟು ಬಹಳ ದಿನವಾಯಿತು. ತಿರುಗಿ ಕೇಳುತ್ತೇನೆ: ಒಂದು ಕೈಯೋ ಎರಡೂವೋ? ನೀರಿಗಿಳಿದು ಎಷ್ಟು ನಿಮಿಷಕ್ಕೆ? ಎಷ್ಟು ಆಳದಲ್ಲಿ? ಹೊರಗೆ ಬಂದು ಗ್ಲೌಸ್ ಕಳಚಿದಾಗ ಒಳಗೆ ಒದ್ದೆಯೋ ಒಣಗಿತ್ತೋ? ಹತ್ತರಲ್ಲಿ ಎಂಟು ಮಂದಿಗೆ ಇದು ನೆನಪೇ ಇರುವುದಿಲ್ಲ. ಮುಂದಿನ ಸಲ ನೋಡಿಕೊಂಡು ಬಾ ಎನ್ನುತ್ತೇನೆ. ನೋಡಿಕೊಂಡು ಬಂದವರಲ್ಲಿ ಅರ್ಧ ಮಂದಿಗೆ ಹೊಸ ಗ್ಲೌಸೇ ಬೇಕಾಗುವುದಿಲ್ಲ.

ಬೆಳಗಾವಿಯವನಿಗೆ ತಣ್ಣೀರಿನ ಡೈವಿಂಗ್ ಗೊಡವೆ ಯಾಕೆ ಬಂತು ಎಂದರೆ, ನಾನು ಉದ್ಯಮಬಾಗದಲ್ಲಿ ಹೈಡ್ರಾಲಿಕ್ಸ್ ಕೆಲಸ ಮಾಡುವವನು. ಡೈವಿಂಗ್ ಕಲಿತದ್ದು ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗಿ, ನೇತ್ರಾಣಿಯಲ್ಲಿ. ಅಲ್ಲಿಯ ನೀರು ಸ್ನಾನದ ನೀರಿದ್ದ ಹಾಗೆ; ಗ್ಲೌಸ್ ಎಂಬ ವಸ್ತುವಿನ ನೆನಪೂ ಬರುವುದಿಲ್ಲ. ಆಮೇಲೆ ಕೆಲಸದ ಮೇಲೆ ಮೂರು ವರ್ಷ ನಾರ್ವೆಯ ಬರ್ಗೆನ್‌ನಲ್ಲಿದ್ದೆ. ಊರು ಒಳ್ಳೆಯದು, ಮಳೆಯಲ್ಲಿ ನಮ್ಮ ಬೆಳಗಾವಿಗೆ ಅಣ್ಣ. ಚಳಿಗಾಲದಲ್ಲಿ ಅಲ್ಲಿಯ ಸಮುದ್ರ ಐದಾರು ಡಿಗ್ರಿ. ಮೊದಲ ವರ್ಷವಿಡೀ ನನ್ನ ಎಡಗೈ ನನ್ನದಾಗಿರಲಿಲ್ಲ. ಈಗ ಮುಧೋಳ, ಇಂಡಿ, ನಿಪ್ಪಾಣಿ ಕಡೆಯ ಹುಡುಗರು ಮೀನು ಸಾಕಣೆ, ಬಂದರು ಕೆಲಸ ಎಂದು ತಣ್ಣನೆಯ ದೇಶಗಳಲ್ಲಿ ನೀರಿಗಿಳಿಯುತ್ತಾರೆ. ಅವರಿಗಾಗಿ, ಮತ್ತು ಐಸ್‌ಲ್ಯಾಂಡಿನ ಸಿಲ್ಫ್ರಾ ಬಿರುಕಿನಲ್ಲಿ ಒಮ್ಮೆ ಮುಳುಗಿ ಬರೋಣ ಎನ್ನುವ ಶೋಕಿಯವರಿಗಾಗಿ ಇದು. ಅಲ್ಲಿ ನೀರು ವರ್ಷವಿಡೀ 2ರಿಂದ 4 ಡಿಗ್ರಿ.

ಟೇಲೆಂಡಿನ ರೈತ

ಬೆರಳಿನಲ್ಲಿ ಸ್ನಾಯು ಇಲ್ಲ. ಅದನ್ನು ಮಡಚುವ ಸ್ನಾಯುಗಳು ಅಂಗೈಯಲ್ಲಿ, ಮುಂಗೈಯಲ್ಲಿ ಇವೆ. ಬೆರಳಿಗೆ ಬರುವುದು ಬರೀ ದಾರ. ಹಾಗಾಗಿ ಬೆರಳು ತನ್ನ ಶಾಖವನ್ನು ತಾನು ಹುಟ್ಟಿಸಿಕೊಳ್ಳಲಾರದು, ರಕ್ತ ತಂದುಕೊಟ್ಟರೆ ಉಂಟು. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖ ಎಳೆಯುತ್ತದೆ. ಎದೆ ಹೊಟ್ಟೆಯ ಶಾಖ ಇಳಿಯತೊಡಗಿತೆಂದು ದೇಹಕ್ಕೆ ಅನಿಸಿದ ಕೂಡಲೇ ಅದು ಕೈಕಾಲಿನ ರಕ್ತನಾಳಗಳನ್ನು ಬಿಗಿಯುತ್ತದೆ.

ನಮ್ಮ ಕಡೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಡ್ಯಾಮಿನಲ್ಲಿ ನೀರು ಕಡಿಮೆಯಾದರೆ ಮೊದಲು ಒಣಗುವುದು ಕಾಲುವೆಯ ಕೊನೆಯ ಹೊಲ. ಬೆರಳೆಂದರೆ ಟೇಲೆಂಡಿನ ರೈತ. ಅವನು ತನ್ನ ಬದುವನ್ನು ಎಷ್ಟು ಗಟ್ಟಿ ಕಟ್ಟಿಕೊಂಡರೂ ಮೇಲಿನಿಂದ ನೀರೇ ಬಿಡದಿದ್ದರೆ ಉಪಯೋಗವಿಲ್ಲ. ದಪ್ಪ ಗ್ಲೌಸ್ ಅಂದರೆ ಆ ಬದು.

ಕೆಲವರಿಗೆ ಐದ್ಹತ್ತು ನಿಮಿಷ ಮರಗಟ್ಟಿದ ಬೆರಳು ತಾನಾಗಿ ಸ್ವಲ್ಪ ಬಿಸಿಯಾಗಿ, ಮತ್ತೆ ತಣ್ಣಗಾಗಿ, ಮತ್ತೆ ಬಿಸಿಯಾಗುತ್ತದೆ. ದೇಹ ಆಗಾಗ ಗೇಟು ಎತ್ತಿ ಇಳಿಸುತ್ತಿರುತ್ತದೆ. ಥಾಮಸ್ ಲೂಯಿಸ್ ಎಂಬ ವೈದ್ಯ 1930ರಲ್ಲೇ ಇದನ್ನು ದಾಖಲಿಸಿದ್ದಾನೆ. ಇದು ದೋಷವಲ್ಲ. ಆದರೆ "ಈಗ ಸರಿಹೋಯಿತು" ಎಂದು ಇನ್ನೂ ಆಳಕ್ಕೆ ಇಳಿಯಬೇಡಿ.

ಬರ್ಫಿನ ಬಕೀಟು

ದೋಷ ಗ್ಲೌಸಿನಲ್ಲೋ ಮೈಯಲ್ಲೋ ಎಂದು ಬೇರ್ಪಡಿಸಲು ನನಗೆ ಗೊತ್ತಿರುವ ಅತಿ ಅಗ್ಗದ ಉಪಾಯ ಇದು. ಮನೆಯಲ್ಲೇ ಆಗುತ್ತದೆ, ಸಮುದ್ರ ಬೇಡ.

ಎರಡು ಬಕೀಟು ನೀರು, ಮೀನು ಮಾರ್ಕೆಟ್ಟಿನಲ್ಲೋ ಬರ್ಫ ಫ್ಯಾಕ್ಟರಿಯಲ್ಲೋ ಸಿಗುವ ಗಡ್ಡೆಯ ಒಂದು ತುಂಡು. ಒಡೆದು ಹಾಕಿ ಕದಡಿ. ನೀರು ಸೊನ್ನೆಯ ಹತ್ತಿರಕ್ಕೆ ಬರುತ್ತದೆ. ನೀವು ಡೈವಿಂಗ್‌ನಲ್ಲಿ ಹಾಕುವ ಗ್ಲೌಸನ್ನೇ, ಅದೇ ಒಳಗ್ಲೌಸ್ ಸಮೇತ ಎರಡೂ ಕೈಗೆ ಹಾಕಿ, ಮೈಗೆ ಬೆಚ್ಚಗೆ ಸ್ವೆಟರ್ ತೊಟ್ಟು, ಬಿಸಿ ಚಹಾ ಕುಡಿದು, ಮಣಿಕಟ್ಟಿನ ಮೇಲೆ ನಾಲ್ಕು ಬೆರಳು ಬರುವಷ್ಟು ಎರಡೂ ಕೈ ಮುಳುಗಿಸಿ ಕೂರಿ. ಡ್ರೈ ಗ್ಲೌಸ್ (ಒಳಗೆ ನೀರು ಬಿಡದ, ರಿಂಗಿನಿಂದ ಸೂಟಿನ ತೋಳಿಗೆ ಕೂಡುವಂಥದ್ದು) ಆದರೆ ರಿಂಗ್ ಕೂಡಿಸಲು ಸೂಟಿನ ತೋಳು ತೊಡಲೇಬೇಕಾಗುತ್ತದೆ. ಇಪ್ಪತ್ತು ನಿಮಿಷ ಗಡಿಯಾರ ನೋಡಿ. ಪಕ್ಕದಲ್ಲಿ ಯಾರಾದರೂ ಇರಲಿ, ನೋವು ಸಹಿಸದಾದರೆ ಕೈ ತೆಗೆಯಿರಿ, ಹಟ ಬೇಡ.

ಇಪ್ಪತ್ತು ನಿಮಿಷ ಎರಡೂ ಕೈ ತಕ್ಕಮಟ್ಟಿಗೆ ಸರಿಯಿದ್ದರೆ ನಿಮ್ಮ ಗ್ಲೌಸ್ ಸರಿಯಿದೆ. ಸಮುದ್ರದಲ್ಲಿ ಕೈ ಮರಗಟ್ಟಲು ಕಾರಣ ಮೈಯ ಶಾಖದ ಕೊರತೆ ಅಥವಾ ಆಳದ ಒತ್ತಡ. ಎರಡೂ ಕೈ ಐದು ನಿಮಿಷದಲ್ಲೇ ಸೋತರೆ ಗ್ಲೌಸ್ ಆ ನೀರಿಗೆ ಸಾಲದು. ಒಂದೇ ಕೈ ಸೋತರೆ ಆ ಕೈಯ ಗ್ಲೌಸಿನಲ್ಲಿ, ಸೀಲಿನಲ್ಲಿ ಅಥವಾ ಆ ಕೈಯಲ್ಲೇ ಏನೋ ಇದೆ. ಬಕೀಟಿನಲ್ಲಿ ಆಳ ಇಲ್ಲ ಎಂಬ ಒಂದು ಕೊರತೆ ಈ ಪರೀಕ್ಷೆಗಿದೆ, ಅದಕ್ಕೆ ಮುಂದೆ ಬರುತ್ತೇನೆ.

ಮುಧೋಳದ ಹುಡುಗನೊಬ್ಬ ಸ್ಕಾಟ್ಲೆಂಡಿನಿಂದ ರಜೆಗೆ ಬಂದಾಗ ನಮ್ಮ ಹಿತ್ತಲಲ್ಲಿ ಹೀಗೇ ಕೂರಿಸಿದ್ದೆ. ಅರ್ಧ ತಾಸು ಕುಳಿತ. "ಏನೂ ಆಗ್ಲಿಲ್ಲಲ್ಲಣ್ಣ" ಎಂದು ತನ್ನ ಕೈಯನ್ನು ತಾನೇ ತಿರುಗಿಸಿ ನೋಡಿಕೊಂಡ. ಅದೇ ಗ್ಲೌಸಿನಲ್ಲಿ ಅಲ್ಲಿ ಹದಿನೈದನೇ ನಿಮಿಷಕ್ಕೆ ಚಾಕು ಹಿಡಿಯಲು ಆಗುತ್ತಿರಲಿಲ್ಲ ಅವನಿಗೆ. ನೀರು ಬಿಡದ ಡ್ರೈಸೂಟಿನ ಒಳಗೆ ಏನು ಹಾಕುತ್ತೀ ಎಂದೆ. ಕಾಟನ್ ಬನಿಯನ್ನು, ಅದರ ಮೇಲೆ ಕಾಟನ್ ಥರ್ಮಲ್. ಹತ್ತಿ ಬೆವರು ಕುಡಿದು ಮೈಗಂಟಿ ಕೂರುತ್ತದೆ, ಒದ್ದೆಯಾದ ಹತ್ತಿ ಶಾಖ ಹಿಡಿಯುವುದಿಲ್ಲ. ಉಣ್ಣೆ ಹಾಗಲ್ಲ. ಮಳೆಯಲ್ಲಿ ಕುರಿ ಹಿಂದೆ ಹೋಗುವವನು ಕಂಬಳಿ ಹೊದೆಯುವುದು, ಪಂಚೆ ಹೊದೆಯದಿರುವುದು ಇದಕ್ಕೇ. ಬನಿಯನ್ ತೆಗೆಸಿ ಮೈಗೆ ತೆಳು ಮೆರಿನೋ ಉಣ್ಣೆ, ಮೇಲೆ ದಪ್ಪ ಫ್ಲೀಸು, ತಲೆಗೆ ಕುತ್ತಿಗೆ ಮುಚ್ಚುವ ಸರಿಯಾದ ಹುಡ್ ಹಾಕಿಸಿದೆ. ಗ್ಲೌಸ್ ಹಳೆಯದೇ. ಮುಂದಿನ ತಿಂಗಳು ಬಂದದ್ದು ಒಂದು ಹೆಬ್ಬೆರಳ ಚಿತ್ರ, ಅಷ್ಟೇ.

ನಮ್ಮ ದಖ್ಖನಿ ಕುರಿಯ ಉಣ್ಣೆಯಲ್ಲಿ ಒಳಗ್ಲೌಸ್ ಹೆಣೆಸಿ ನೋಡಿದ್ದೇನೆ, ಹೇಳಿಬಿಡುತ್ತೇನೆ. ಬೆಚ್ಚಗೇನೋ ಇರುತ್ತದೆ. ಆದರೆ ನಲವತ್ತು ನಿಮಿಷ ತುರಿಸುತ್ತದೆ, ನೀರಿನ ಕೆಳಗೆ ಕೆರೆದುಕೊಳ್ಳಲು ಬರುವುದಿಲ್ಲ.

ಎಷ್ಟನೇ ನಿಮಿಷ?

ಸಮಯ ದೊಡ್ಡ ಸುಳಿವು. ನೀರಿಗಿಳಿದ ಎರಡು ಮೂರು ನಿಮಿಷದಲ್ಲೇ ಕೈ ಸೋತರೆ ಒಳಗೆ ನೀರು ನುಗ್ಗುತ್ತಿದೆ, ಇಲ್ಲವೇ ಕೈ ಇಳಿಯುವ ಮೊದಲೇ ತಣ್ಣಗಾಗಿತ್ತು. ಈ ಎರಡನೆಯದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ದೋಣಿಯಲ್ಲಿ ಗಾಳಿ, ಬರಿಗೈಯಲ್ಲಿ ಸಿಲಿಂಡರ್ ಎತ್ತುವುದು, ರೆಗ್ಯುಲೇಟರ್ ಬಿಗಿಯುವುದು. ತಣ್ಣನೆಯ ಲೋಹ ಅಂಗೈಯ ಶಾಖವನ್ನು ಹೀರಿಬಿಟ್ಟಿರುತ್ತದೆ. ಅಂಥ ಕೈಗೆ ಗ್ಲೌಸ್ ಹಾಕಿದರೆ ಚಳಿಯನ್ನೇ ಮೂಟೆ ಕಟ್ಟಿದಂತೆ. ಸಾಮಾನು ಜೋಡಿಸುವಾಗ ಬೇರೆ ಒಂದು ಜೊತೆ ಒಣ ಗ್ಲೌಸ್ ಇಟ್ಟುಕೊಳ್ಳಿ. ವೆಟ್ ಗ್ಲೌಸ್‌ನವರು ಥರ್ಮಾಸಿನಲ್ಲಿ ಬೆಚ್ಚನೆಯ ನೀರು ಒಯ್ದು ಇಳಿಯುವ ಮುಂಚೆ ಗ್ಲೌಸಿನೊಳಗೆ ಹೊಯ್ದುಕೊಳ್ಳಬಹುದು. ಹೇಗೂ ತುಂಬುವುದು ನೀರೇ, ಮೊದಲು ತುಂಬುವ ನೀರು ಬೆಚ್ಚಗಿರಲಿ. ಎಳೆಗೂಸಿಗೆ ಎರೆಯುವಷ್ಟು ಬಿಸಿ, ಅದಕ್ಕಿಂತ ಹೆಚ್ಚು ಬೇಡ.

ಇಳಿಯುತ್ತ ಇಳಿಯುತ್ತ ಚಳಿ ಹೆಚ್ಚಿದರೆ ಅದು ಒತ್ತಡದ ಕಥೆ. ವೆಟ್ ಗ್ಲೌಸ್ ಮಾಡುವ ನಿಯೋಪ್ರೀನ್ ಅಂದರೆ ಗಾಳಿಗುಳ್ಳೆ ತುಂಬಿದ ರಬ್ಬರು, ಬೆಚ್ಚಗಿಡುವುದು ಆ ಗುಳ್ಳೆ. 10 ಮೀಟರಿಗೆ ಒತ್ತಡ ಎರಡು ಪಟ್ಟು, ಗುಳ್ಳೆಯೊಳಗಿನ ಗಾಳಿ ಅರ್ಧಕ್ಕೆ ಕುಗ್ಗುತ್ತದೆ. 30 ಮೀಟರಿಗೆ ನಾಲ್ಕು ಪಟ್ಟು. ಅಂಗಡಿಯಲ್ಲಿ 5 ಮಿಲಿಮೀಟರ್ ಎಂದು ಕೊಂಡದ್ದು ಕೆಳಗೆ 5 ಇರುವುದಿಲ್ಲ. ಹತ್ತು ಡಿಗ್ರಿಗಿಂತ ಕೆಳಗಿನ ನೀರಿನಲ್ಲಿ ಆಳ ಹೋಗುವವರು ಡ್ರೈ ಗ್ಲೌಸಿಗೆ ಬದಲಾಯಿಸುವುದೇ ಸರಿ ಎನ್ನುವುದು ನನ್ನ ಮತ. ಬೇಡವೆಂದರೆ ಮೂರು ಬೆರಳಿನ ದಪ್ಪ ಮಿಟ್ಟು. ಬೆರಳುಗಳು ಒಂದೇ ಕೋಣೆಯಲ್ಲಿದ್ದರೆ ಒಂದಕ್ಕೊಂದು ಬೆಚ್ಚಗಿಡುತ್ತವೆ. ಬಿಡಿಬಿಡಿ ಬೆರಳಿಗೆ ದಪ್ಪ ಏರಿಸುತ್ತ ಹೋದರೆ ಶಾಖ ಬಿಟ್ಟುಕೊಡುವ ಹೊರಮೈಯೂ ಹಿಗ್ಗುತ್ತ ಹೋಗುತ್ತದೆ, ಲಾಭ ಕಡಿಮೆ.

ಹದಿನೈದು ಇಪ್ಪತ್ತು ನಿಮಿಷದ ಮೇಲೆ ಎರಡೂ ಕೈ, ಅದರೊಂದಿಗೆ ಕಾಲ್ಬೆರಳೂ ಹೋದರೆ ಮುಧೋಳದವನ ದೋಷ. ಹುಡ್, ಒಳಉಡುಪು, ಹಿಂದಿನ ರಾತ್ರಿಯ ನಿದ್ದೆ, ಬೆಳಗಿನ ಊಟ, ಎಲ್ಲ ನೋಡಿ. ಖಾಲಿ ಹೊಟ್ಟೆಯಲ್ಲಿ ಇಳಿದವನಿಗೆ ಒಲೆಗೆ ಕಟ್ಟಿಗೆಯೇ ಇರುವುದಿಲ್ಲ.

ಕೊನೆಗೆ, ಮೇಲೇರುವ ದಾರಿಯಲ್ಲಿ ಕರಗಿದ ನೈಟ್ರೋಜನ್ ಹೊರಹೋಗಲೆಂದು ಐದು ಮೀಟರಿನಲ್ಲಿ ಹಗ್ಗ ಹಿಡಿದು ನಿಂತಾಗ ಮಾತ್ರ ಮರಗಟ್ಟಿದರೆ ದೋಷ ಸಣ್ಣದು: ಮೈ ಆಡುವುದು ನಿಂತಿದೆ, ಮುಷ್ಟಿ ಬಿಗಿದಿದೆ. ಹಗ್ಗ ಸಡಿಲ ಹಿಡಿಯಿರಿ, ಒಂದು ಕೈಯನ್ನು ಇನ್ನೊಂದರ ಕಂಕುಳಲ್ಲಿ ಇಡಿ. ಆದರೆ ಇದನ್ನು ತಾತ್ಸಾರ ಮಾಡಬೇಡಿ. ಮೇಲೇರುವ ಹೊತ್ತಿನಲ್ಲಿ ಮೈ ತಣ್ಣಗಿದ್ದರೆ ದೇಹದಲ್ಲಿ ಕರಗಿದ ನೈಟ್ರೋಜನ್ ಹೊರಹೋಗುವುದು ನಿಧಾನವಾಗುತ್ತದೆ. ತಳದಲ್ಲಿ ಬೆಚ್ಚಗಿದ್ದು ಏರುವಾಗ ತಣ್ಣಗಾಗುವುದು ಅತಿ ಕೆಟ್ಟ ಜೋಡಿ ಎಂದು ಅಮೆರಿಕದ ನೌಕಾಪಡೆಯ ಪ್ರಯೋಗವೊಂದು 2007ರಲ್ಲಿ ತೋರಿಸಿದೆ.

ಒಂದೇ ಕೈ, ಒಳಗೆ ಒದ್ದೆ

ಇದು ನನ್ನದೇ ರೋಗ, ಸ್ವಲ್ಪ ಉದ್ದ ಹೇಳುತ್ತೇನೆ.

ಡ್ರೈ ಗ್ಲೌಸ್ ಎಂದರೆ ಹೊರಗೆ ನೀರು ಬಿಡದ ಕವಚ, ಒಳಗೆ ಉಣ್ಣೆಯದೋ ಫ್ಲೀಸಿನದೋ ಒಳಗ್ಲೌಸ್. ಕವಚದ ಬಾಯಿಯಲ್ಲಿ ಒಂದು ಗಟ್ಟಿ ರಿಂಗ್, ಸೂಟಿನ ತೋಳಿನ ತುದಿಯಲ್ಲಿ ಇನ್ನೊಂದು. ಒಂದರೊಳಗೊಂದು ಕೂರುತ್ತವೆ, ನಡುವೆ ಓರಿಂಗ್ ಎಂಬ ರಬ್ಬರಿನ ಬಳೆ. ರಿಂಗಿನ ಒಳಗೆ ಮಣಿಕಟ್ಟಿಗೆ ಲೇಟೆಕ್ಸ್ ಸೀಲ್ ಇರುತ್ತದೆ, ಗ್ಲೌಸ್ ಹರಿದರೂ ನೀರು ಸೂಟಿಗೆ ಹೋಗದಿರಲಿ ಎಂದು.

ನನ್ನ ಎಡಗೈ ಹನ್ನೆರಡನೇ ನಿಮಿಷಕ್ಕೆ ಹೋಗುತ್ತಿತ್ತು. ಇನ್ನೂ ದಪ್ಪದ ಒಳಗ್ಲೌಸ್ ತಂದೆ. ಎಂಟನೇ ನಿಮಿಷಕ್ಕೆ ಹೋಗತೊಡಗಿತು! ಒಳಗೆ ಇಟ್ಟೊತ್ತಿ ತುಂಬಿದ ಉಣ್ಣೆಯಲ್ಲಿ ಗಾಳಿಗೆ ಜಾಗವಿಲ್ಲ, ಬೆರಳಿನ ರಕ್ತಕ್ಕೂ ಜಾಗವಿಲ್ಲ. ಬಿಗಿ ಗ್ಲೌಸ್ ಎಷ್ಟು ದಪ್ಪವಾದರೂ ತಣ್ಣನೆಯದೇ. ಬಿಗಿಯೋ ಎಂದು ನೋಡಲು ಸುಲಭದ ದಾರಿ: ಒಳಗ್ಲೌಸ್ ಹಾಕಿ ಮುಷ್ಟಿ ಕಟ್ಟಿ ಬಿಚ್ಚಿ. ಬಟ್ಟೆ ಬೆರಳ ತುದಿಯನ್ನು ಹಿಂದಕ್ಕೆ ಎಳೆಯುತ್ತಿದ್ದರೆ ಒಂದು ಸೈಜು ದೊಡ್ಡದು ಬೇಕು. ಡೈವ್ ಕಂಪ್ಯೂಟರಿನ ಪಟ್ಟಿಯನ್ನೂ ನೋಡಿ. ದೋಣಿಯಲ್ಲಿ ಬಿಗಿದ ಪಟ್ಟಿ ಅಪಧಮನಿಯ ಮೇಲೇ ಕೂತಿರಬಹುದು.

ಹಾಗೆಂದು ಹಳೆಯ ಒಳಗ್ಲೌಸಿಗೆ ಮರಳಿದರೆ ಮತ್ತೆ ಹನ್ನೆರಡು ನಿಮಿಷ. ಆಗ ಮೊದಲ ಸಲ ಒಳಗ್ಲೌಸನ್ನು ಹಿಂಡಿ ನೋಡಿದೆ. ತೊಟ್ಟಿಕ್ಕಿತು.

ಒದ್ದೆ ಎಂದ ಕೂಡಲೇ ಸೋರಿಕೆ ಎನ್ನಬೇಡಿ. ಕೈಯಿಂದ ಹೊರಡುವ ಆವಿ ತಣ್ಣನೆಯ ಕವಚದ ಒಳಮೈಗೆ ತಾಗಿ ಹನಿಯಾಗುತ್ತದೆ, ತಂಬಿಗೆಯ ಹೊರಗೆ ನೀರು ಮೂಡುವ ಹಾಗೆಯೇ. ಆ ತೇವ ಎರಡೂ ಕೈಯಲ್ಲಿ ಸಮ ಇರುತ್ತದೆ, ಹೆಚ್ಚಾಗಿ ಕವಚದ ಒಳಮೈಯಲ್ಲೇ ಇರುತ್ತದೆ, ಹಿಂಡಿದರೆ ಹನಿ ಬರುವುದಿಲ್ಲ. ಸಮುದ್ರವಾದರೆ ನಾಲಿಗೆಯ ತುದಿಗೆ ಮುಟ್ಟಿಸಿ ನೋಡಬಹುದು. ಬೆವರೂ ಉಪ್ಪಲ್ಲವೇ ಎಂದು ಕೇಳುವವರಿದ್ದಾರೆ. ಉಪ್ಪೇ, ಆದರೆ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುವ ಸಮುದ್ರದ ನೀರಿನ ಮುಂದೆ ಅದು ಏನೂ ಅಲ್ಲ. ನಾಲಿಗೆ ಸುಳ್ಳು ಹೇಳುವುದಿಲ್ಲ.

ಸೋರಿಕೆ ಎಂದು ಖಾತ್ರಿಯಾಯಿತು, ಎಲ್ಲಿ ಎಂದು ತಿಳಿಯಬೇಕಿತ್ತು. ದೀಪಾವಳಿಗೆ ಊರಿಗೆ ಬಂದಾಗ ಸೂಟನ್ನೂ ಗ್ಲೌಸನ್ನೂ ಹೊತ್ತು ತಂದೆ. ಮೊದಲ ಪ್ರಯತ್ನ ಓಣಿಯ ಮೂಲೆಯ ಪಂಕ್ಚರ್ ಅಂಗಡಿ. ತೂತು ಹುಡುಕುವುದರಲ್ಲಿ ಅವನಿಗಿಂತ ಬಲ್ಲವರಿಲ್ಲ, ಗುಳ್ಳೆ ನೋಡಲು ಅವನ ಹತ್ತಿರ ತೊಟ್ಟಿಯೇ ಇದೆ. ತಪ್ಪು ಮಾಡಿದ್ದು ನಾನು: ಇವನು ಬಾಯಿಂದ ಊದುತ್ತಾನೆ ಎಂದುಕೊಂಡಿದ್ದೆ, ಅವನು ಕಂಪ್ರೆಸರಿನ ಪೈಪು ಹಿಡಿದ. ಗ್ಲೌಸು ಕುಂಬಳಕಾಯಿಯಷ್ಟಾದಾಗ ಕೂಗಾಡಿ ನಿಲ್ಲಿಸಿದೆ. ಬಾಯಿಯಿಂದ ಊದಿ, ಗ್ಲೌಸಿನ ಬಾಯಿ ಹಿಂಡಿ ಹಿಡಿದು, ನೀರಿನಲ್ಲಿ ಒಂದೊಂದೇ ಬೆರಳು ಮುಳುಗಿಸಿ ನೋಡಿದರೆ ಸಾಕು. ಗುಳ್ಳೆ ಬಂದಲ್ಲಿ ಪೆನ್ನಿನಿಂದ ಗುರುತು ಮಾಡಿ. ಸೈಕಲ್ ಟ್ಯೂಬಿನ ಪ್ಯಾಚು ಸೊಲ್ಯೂಶನ್ನು ನೈಸರ್ಗಿಕ ರಬ್ಬರಿಗೆ ಹಿಡಿಯುತ್ತದೆ, ಪಿವಿಸಿ ಕವಚಕ್ಕೆ ಹಿಡಿಯುವುದಿಲ್ಲ. ಪಿವಿಸಿ ಆದರೆ ಕವಚವನ್ನೇ ಬದಲಿಸಿ.

ನನ್ನ ಗ್ಲೌಸಿನಲ್ಲಿ ಒಂದು ಗುಳ್ಳೆಯೂ ಬರಲಿಲ್ಲ. ಅಂದರೆ ಸೋರಿಕೆ ರಿಂಗಿನದು.

ಮನೆಗೆ ಬಂದು ಬಕೀಟಿನ ನೀರಿಗೆ ಬಣ್ಣ ಕಲಸಿದೆ. ಒಳಗ್ಲೌಸಿನ ಬದಲು ಕೈಗೆ ಬಿಳಿ ಟಿಶ್ಯೂ ಕಾಗದ ಸುತ್ತಿ, ರಿಂಗ್ ಕೂಡಿಸಿ, ಹತ್ತು ನಿಮಿಷ ಮುಳುಗಿಸಿ, ಮುಷ್ಟಿ ಕಟ್ಟಿ ಬಿಚ್ಚಿ ಮಾಡಿದೆ. ಅಡುಗೆಯ ಬಣ್ಣ ಸಾಕಿತ್ತು. ನನಗೆ ಸಿಕ್ಕದ್ದು ಬಾಗಲಕೋಟೆಯ ಮಾವನ ಮನೆಯಿಂದ ಬಂದ ಹೋಳಿಯ ಬಣ್ಣದ ಪುಡಿ. ಆ ಊರಿನ ಹೋಳಿಯ ಬಣ್ಣ ಎಂದರೆ ಗೊತ್ತಲ್ಲ. "ಅರಬಿ ನೆನಸೋ ಬಕೀಟಿಗೆ ಹಾಕೀಯಲ್ಲೋ, ನಾಳೆ ನಿಮ್ಮಪ್ಪನ ಧೋತರ ಏನ್ ಗುಲಾಬಿ ಆಗ್ಬೇಕಾ?" ಎಂದು ಅವ್ವ ಬೈದದ್ದಕ್ಕೆ ಉತ್ತರವಿರಲಿಲ್ಲ. ಆದರೆ ಟಿಶ್ಯೂವಿನ ಮೇಲೆ ಗುಲಾಬಿ ಗೀರು ಸ್ಪಷ್ಟವಾಗಿ ಮೂಡಿತ್ತು: ರಿಂಗಿನ ಒಂದೇ ಕಡೆಯಿಂದ, ಹೆಬ್ಬೆರಳಿನ ಬುಡಕ್ಕೆ.

ಮರುದಿನ ರಿಂಗನ್ನು ಉದ್ಯಮಬಾಗಕ್ಕೆ ಒಯ್ದೆ. ಅಲ್ಲಿ ನಾನು ಕಾಕಾ ಎನ್ನುವ ಹಿರಿಯ ಮೇಸ್ತ್ರಿಯೊಬ್ಬರಿದ್ದಾರೆ, ಜೀವಮಾನವೆಲ್ಲ ಹೈಡ್ರಾಲಿಕ್ ಸಿಲಿಂಡರಿನ ಸೀಲು ಬದಲಿಸಿದವರು. ಓರಿಂಗನ್ನು ಉಗುರಿನಿಂದ ಎಬ್ಬಿಸಿ, ಎರಡು ಬೆರಳ ನಡುವೆ ಹೊರಳಿಸಿ, ಬೆಳಕಿಗೆ ಹಿಡಿದರು.

"ತಮ್ಮಾ, ಇದು ಚಪ್ಪಟ ಆಗಿ ಹೋಗೇತಿ. ದುಂಡಗಿದ್ರ ಸೀಲ್ ಮಾಡತೈತಿ, ಚಪ್ಪಟ ಆದ್ರ ಬರೇ ಕುಂದರತೈತಿ. ಮತ್ತ ಇಲ್ಲಿ ನೋಡು, ಎಳಿ."

ಓರಿಂಗಿನ ಅಡ್ಡಕ್ಕೆ ಒಂದು ಉಣ್ಣೆಯ ಎಳೆ, ಕೂದಲಿಗಿಂತ ಸ್ವಲ್ಪ ದಪ್ಪ. ನನ್ನದೇ ಒಳಗ್ಲೌಸಿನದು. ಆ ಎಳೆ ಸೀಲಿನ ಕೆಳಗೆ ಸೇತುವೆಯ ಹಾಗೆ ಬಿದ್ದು ಅದರ ಪಕ್ಕದಿಂದ ನೀರು ಒಳಗೆ ನಡೆದುಬರುತ್ತಿತ್ತು. ಇನ್ನೂರು ಬಾರ್ ಒತ್ತಡದ ಸಿಲಿಂಡರಿನಲ್ಲಿ ನಾನೇ ಹುಡುಕುತ್ತಿದ್ದ ದೋಷ, ನನ್ನ ಕೈಗೇ ಕಟ್ಟಿಕೊಂಡಾಗ ಒಂದು ವರ್ಷ ಕಾಣಲಿಲ್ಲ.

ಹಳೆಯ ಓರಿಂಗನ್ನು ಒಯ್ಯಿರಿ, ಒಳವ್ಯಾಸ ಮತ್ತು ದಾರದ ದಪ್ಪ ಎರಡೂ ಅಳೆಸಿ. ದಪ್ಪದಲ್ಲಿ ಕಾಲು ಮಿಲಿಮೀಟರ್ ತಪ್ಪಿದರೂ ರಿಂಗ್ ಕೂರುವುದಿಲ್ಲ ಅಥವಾ ಸೋರುತ್ತದೆ. ಒಂದು ಎಚ್ಚರಿಕೆ. ಕಾಕಾ ಪ್ರೀತಿಯಿಂದ ಬೇರಿಂಗಿನ ಗ್ರೀಸು ಸವರಲು ಬಂದರು, ಕೈ ಹಿಡಿದು ತಡೆದೆ. ಪೆಟ್ರೋಲಿಯಂ ಗ್ರೀಸು ಪಕ್ಕದ ಲೇಟೆಕ್ಸ್ ಸೀಲನ್ನು ಅಂಟಂಟು ಮಾಡಿ ಕೊಲ್ಲುತ್ತದೆ. ನೈಟ್ರೈಲ್ ರಬ್ಬರಿನ ಓರಿಂಗಿಗೆ ಸಿಲಿಕೋನ್ ಗ್ರೀಸು, ಅದೂ ಹೊಳಪು ಬರುವಷ್ಟೇ. ಓರಿಂಗೇ ಸಿಲಿಕೋನಿನದಾದರೆ ಸಿಲಿಕೋನ್ ಗ್ರೀಸು ಅದನ್ನು ಉಬ್ಬಿಸುತ್ತದೆ, ಅದಕ್ಕೆ ಬೇಡ. ಪ್ರತಿ ಸಲ ಕೂಡಿಸುವ ಮೊದಲು ಓರಿಂಗಿನ ಸುತ್ತ ಬೆರಳಾಡಿಸಿ ಎಳೆ, ಮರಳು, ಕೂದಲು ನೋಡಿ. ಹತ್ತು ಸೆಕೆಂಡಿನ ಕೆಲಸ.

ರಿಂಗೇ ಇಲ್ಲದೆ ಬರೀ ಮಣಿಕಟ್ಟಿನ ಸೀಲಿನ ಮೇಲೆ ವೆಟ್ ಗ್ಲೌಸ್ ಹಾಕುವವರಿಗೆ ತೋಳು ಒದ್ದೆಯಾಗುತ್ತಿದ್ದರೆ ಸೀಲು ಹರಿದಿದೆ ಎಂದೇ ಅರ್ಥವಲ್ಲ. ಏನನ್ನಾದರೂ ಬಿಗಿಯಾಗಿ ಹಿಡಿದು ಮಣಿಕಟ್ಟಿನ ಒಳಬದಿ ನೋಡಿಕೊಳ್ಳಿ, ಎರಡು ನರದಂಥ ಹುರಿ ಮೇಲೇಳುತ್ತವೆ, ನಡುವೆ ತಗ್ಗು ಬೀಳುತ್ತದೆ. ಆ ತಗ್ಗೇ ಕಾಲುವೆ. ಸೀಲನ್ನು ಒಂದೆರಡು ಬೆರಳು ಮೇಲಕ್ಕೆ, ಕೈ ದುಂಡಗಿರುವಲ್ಲಿಗೆ ಸರಿಸಿದರೆ ಹಲವರಿಗೆ ನಿಲ್ಲುತ್ತದೆ.

ಗ್ಲೌಸು ಕೈಯನ್ನು ಹಿಂಡುತ್ತಿದೆ

ಬಕೀಟಿನಲ್ಲಿ ಪಾಸಾಗಿ ಆಳದಲ್ಲಿ ಫೇಲಾಗುವ ದೋಷ ಇದು. ಡ್ರೈ ಗ್ಲೌಸಿನೊಳಗಿನ ಗಾಳಿಯೂ ಆಳಕ್ಕೆ ಕುಗ್ಗುತ್ತದೆ. ಸೂಟಿಗೆ ಗಾಳಿ ಬಿಟ್ಟರೂ ಮಣಿಕಟ್ಟಿನ ಸೀಲು ಅದನ್ನು ಗ್ಲೌಸಿಗೆ ಹೋಗಲು ಬಿಡುವುದಿಲ್ಲ. ಕವಚ ಕೈಗೆ ಅಂಟಿ ಒಳಗ್ಲೌಸನ್ನು ರೊಟ್ಟಿಯ ಹಾಗೆ ತಟ್ಟಿಬಿಡುತ್ತದೆ. ಮೇಲೆ ಬಂದು ನೋಡಿದರೆ ಚರ್ಮದ ಮೇಲೆ ನೆರಿಗೆಯ ಕೆಂಪು ಗೀರು.

ಪರಿಹಾರ ಸರಳ: ಸೀಲಿನ ಕೆಳಗೆ, ಸೂಟಿಗೂ ಗ್ಲೌಸಿಗೂ ಗಾಳಿ ಓಡಾಡಲು ಒಂದು ಸಣ್ಣ ದಾರಿ. ಮೆತ್ತನೆಯ ದಪ್ಪ ದಾರ ಇಡುವವರಿದ್ದಾರೆ. ನಾನು ಇಡುವುದು ಸಲೈನ್ ಪೈಪಿನ ಗೇಣುದ್ದಕ್ಕಿಂತ ಚಿಕ್ಕ ತುಂಡು, ಎರಡೂ ತುದಿ ಉಜ್ಜಿ ನುಣುಪು ಮಾಡಿ. ಇಳಿಯುವಾಗ ಆಗಾಗ ಕೈಯನ್ನು ಭುಜಕ್ಕಿಂತ ಮೇಲೆತ್ತಿದರೆ ಬೆಚ್ಚನೆಯ ಗಾಳಿ ಬೆರಳಿಗೆ ಏರುತ್ತದೆ, ಆ ಸುಖವನ್ನು ಹೇಳಿ ತಿಳಿಸಲಾಗದು. ಇದರ ಬೆಲೆಯೂ ಇದೆ: ಗ್ಲೌಸ್ ಹರಿದರೆ ಅದೇ ದಾರಿಯಿಂದ ನೀರು ತೋಳಿಗೆ ಬರುತ್ತದೆ. ಕಬ್ಬಿಣ, ಚಿಪ್ಪು, ತಂತಿ ಮುಟ್ಟುವ ಕೆಲಸದವರು ಇದನ್ನು ಯೋಚಿಸಿ ಮಾಡಿ.

ಬಿಸಿ ಪೊಟ್ಟಣ, ಬ್ಯಾಟರಿ ಗ್ಲೌಸು

ಗಾಳಿ ತಾಗಿದರೆ ಬಿಸಿಯಾಗುವ ಕಬ್ಬಿಣದ ಪುಡಿಯ ಪೊಟ್ಟಣಗಳನ್ನು ಗ್ಲೌಸಿನೊಳಗೆ ಇಡಬೇಡಿ. ಆಳದಲ್ಲಿ ಆಮ್ಲಜನಕದ ಒತ್ತಡ ಹೆಚ್ಚು, ಸೂಟಿಗೆ ನೈಟ್ರಾಕ್ಸ್ (ಆಮ್ಲಜನಕ ಹೆಚ್ಚಿರುವ ಗಾಳಿ) ತುಂಬುವವರಿಗೆ ಇನ್ನೂ ಹೆಚ್ಚು. ಪೊಟ್ಟಣ ಅಂದಾಜಿಗಿಂತ ಬಿಸಿಯಾಗುತ್ತದೆ. ಮರಗಟ್ಟಿದ ಚರ್ಮಕ್ಕೆ ಸುಡುವುದೇ ತಿಳಿಯುವುದಿಲ್ಲ. ಬ್ಯಾಟರಿಯ ಗ್ಲೌಸ್ ಚೆನ್ನಾಗಿ ಕೆಲಸ ಮಾಡುತ್ತದೆ, ನಿಲ್ಲುವವರೆಗೆ. ಬ್ಯಾಟರಿ ತಳದಲ್ಲೇ ಕೈಕೊಡುತ್ತದೆ ಎಂದು ಲೆಕ್ಕ ಹಾಕಿ, ಅದಿಲ್ಲದೆಯೂ ಮೇಲೆ ಬರಬಲ್ಲಷ್ಟು ಹೊತ್ತು ಮಾತ್ರ ಇರಿ.

ಗ್ಲೌಸ್ ಸರಿ, ಸೂಟ್ ಸರಿ, ಆದರೂ

ನಿಪ್ಪಾಣಿಯ ಹುಡುಗನೊಬ್ಬನ ವಿಷಯದಲ್ಲಿ ಎಲ್ಲ ನೋಡಿ ಸೋತಿದ್ದೆ. ವಿಡಿಯೋ ಕಾಲ್ ಮಾಡಿದಾಗ ದೋಣಿಯಲ್ಲಿದ್ದ, ದವಡೆ ಉಬ್ಬಿತ್ತು. "ಏನಪಾ ಬಾಯಾಗ?" ಎಂದೆ. "ನಮ್ಮೂರ ಮಾಲಣ್ಣಾ" ಎಂದು ನಕ್ಕ. ನಿಕೋಟಿನ್ ರಕ್ತನಾಳವನ್ನು ಬಿಗಿಯುತ್ತದೆ, ಸೇದಿದರೂ ಅಷ್ಟೇ ಜಗಿದರೂ ಅಷ್ಟೇ. ಚಳಿ ಅರ್ಧ ಮುಚ್ಚಿದ ಗೇಟನ್ನು ತಂಬಾಕು ಪೂರ್ತಿ ಮುಚ್ಚುತ್ತದೆ. ಇಳಿಯುವ ದಿನ ಬೆಳಗಿನಿಂದ ಬಿಡು ಎಂದೆ. ಬಿಟ್ಟ ದಿನ ಫರಕು ಅವನಿಗೇ ತಿಳಿಯಿತು. ಪೂರ್ತಿ ಬಿಟ್ಟನೇ ಎಂದು ಕೇಳಬೇಡಿ.

ಬಿಪಿಗೆ, ಎದೆಬಡಿತಕ್ಕೆ ಕೊಡುವ ಕೆಲವು ಮಾತ್ರೆಗಳೂ, ಅಟೆನೊಲಾಲ್, ಪ್ರೊಪ್ರನೊಲಾಲ್ ಗುಂಪಿನವು, ಕೈಕಾಲು ತಣ್ಣಗೆ ಮಾಡುತ್ತವೆ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಮಾತ್ರೆ ಬರೆದುಕೊಟ್ಟ ಡಾಕ್ಟರಿಗೆ, ಡೈವಿಂಗ್ ಮಾಡುತ್ತೇನೆ ಎಂದು ಹೇಳಿ.

ಇನ್ನೊಂದು, ಬೆಳಗಾವಿಯವರು ವಿಶೇಷವಾಗಿ ಓದಿಕೊಳ್ಳಬೇಕಾದ್ದು. ಒಂದೆರಡು ಬೆರಳು ಮಾತ್ರ, ಗೆರೆ ಎಳೆದ ಹಾಗೆ ಸುಣ್ಣದಷ್ಟು ಬೆಳ್ಳಗಾಗಿ, ಆಮೇಲೆ ನೀಲಿ, ಬಿಸಿಯಾದಾಗ ಕೆಂಪಾಗಿ ಉರಿಯುತ್ತಿದ್ದರೆ ಅದು ಗ್ಲೌಸಿನ ದೋಷವಲ್ಲ. ಅದಕ್ಕೆ ರೇನಾಡ್ ಎನ್ನುತ್ತಾರೆ. ವರ್ಷಗಟ್ಟಲೆ ನಡುಗುವ ಯಂತ್ರ ಹಿಡಿದವರಿಗೂ ಇದೇ ರೀತಿ ಬೆರಳು ಬಿಳಿಚುತ್ತದೆ. ಫೌಂಡ್ರಿಯಲ್ಲಿ ಕಾಸ್ಟಿಂಗ್ ಗ್ರೈಂಡ್ ಮಾಡಿದವರು, ನೀರೊಳಗೆ ಬ್ರೇಕರ್ ಹಿಡಿಯುವವರು ನೆನಪಿಡಿ. ಆಲಮಟ್ಟಿ ಹಿನ್ನೀರಿನಲ್ಲಿ ಕೆಲಸ ಮಾಡಿದ ವಿಜಯಪುರ ಕಡೆಯವರೊಬ್ಬರಿಗೆ ಬರ್ಫಿನ ನೀರೂ ಬೇಕಿರಲಿಲ್ಲ, ನಮ್ಮ ಪುಷ್ಯ ಮಾಸದ ಡ್ಯಾಮಿನ ನೀರಿಗೇ ಎರಡು ಬೆರಳು ಬಿಳಿಚುತ್ತಿದ್ದವು. ಡೈವಿಂಗಿಗೆ ಬರುವ ಮೊದಲು ಎಂಟು ವರ್ಷ ಗ್ರೈಂಡರ್ ಹಿಡಿದಿದ್ದರು. ಅವರನ್ನು ಕಳಿಸಿದ್ದು ಡಾಕ್ಟರ ಹತ್ತಿರ, ಗ್ಲೌಸಿನ ಅಂಗಡಿಗಲ್ಲ.

ಯಾವಾಗ ಮೇಲೆ ಬರಬೇಕು, ಬಂದ ಮೇಲೆ

ನೀರಿನ ಕೆಳಗೆ ಐದು ನಿಮಿಷಕ್ಕೊಮ್ಮೆ ಹೆಬ್ಬೆರಳಿನಿಂದ ಕಿರುಬೆರಳನ್ನು ಮುಟ್ಟಿ. ಮುಟ್ಟಲು ತಡವರಿಸಿದರೆ ಅಲ್ಲಿಗೇ ಡೈವ್ ಮುಗಿಸಿ. ಬೆರಳ ಚರ್ಮ 15 ಡಿಗ್ರಿಗೆ ಇಳಿಯುತ್ತಿದ್ದಂತೆ ಚುರುಕು ಹೋಗುತ್ತದೆ, 8ರ ಹತ್ತಿರ ಸ್ಪರ್ಶವೇ ಹೋಗುತ್ತದೆ. ಆ ಹೊತ್ತಿಗೆ ಗಾಳಿ ತುಂಬುವ ಇನ್‌ಫ್ಲೇಟರಿನ ಗುಂಡಿ, ತೂಕದ ಬಕಲ್ಲು, ಜೊತೆಗಾರನಿಗೆ ಗಾಳಿ ಕೊಡುವುದು ಯಾವುದೂ ನಿಮ್ಮ ಕೈಯಲ್ಲಿ ಇರುವುದಿಲ್ಲ, ಅಕ್ಷರಶಃ.

ಹೊರಗೆ ಬಂದ ಕೂಡಲೇ ಒದ್ದೆ ಗ್ಲೌಸ್ ತೆಗೆದು ಗಾಳಿಗೆ ಕೈ ಒಡ್ಡಬೇಡಿ, ಒರೆಸಿ ಒಣ ಗ್ಲೌಸ್ ಹಾಕಿ. ಒಲೆಗೆ, ಎಂಜಿನ್ನಿಗೆ ಕೈ ಕಾಯಿಸಬೇಡಿ. ಮೊಣಕೈಗೆ ಹಿತವೆನಿಸುವಷ್ಟು ಬೆಚ್ಚನೆಯ ನೀರು ಸಾಕು. ರಕ್ತ ಮರಳುವಾಗ ಚೇಳು ಕಡಿದ ಹಾಗೆ ನೋಯುತ್ತದೆ. ಅದು ಹತ್ತು ಹದಿನೈದು ನಿಮಿಷದಲ್ಲಿ ಇಳಿಯಬೇಕು.

ಇಳಿಯದಿದ್ದರೆ? ಕೈ ಬೆಚ್ಚಗಾಗಿ, ಬಣ್ಣ ಮರಳಿಯೂ ಜೋಮು ಉಳಿದರೆ, ಅಥವಾ ಬೆಚ್ಚಗಾದ ಮೇಲೆ ಹೊಸದಾಗಿ ಶುರುವಾದರೆ, ಅದರಲ್ಲೂ ಒಂದೇ ತೋಳಿನಲ್ಲಿ, ಭುಜ ಮೊಣಕೈ ನೋವಿನ ಜೊತೆ ಬಂದರೆ, ಅದನ್ನು ಚಳಿ ಎನ್ನಬೇಡಿ. ಡಿಕಂಪ್ರೆಶನ್ ಕಾಯಿಲೆ (ಕರಗಿದ ನೈಟ್ರೋಜನ್ ದೇಹದೊಳಗೇ ಗುಳ್ಳೆಯಾಗುವುದರಿಂದ ಬರುವುದು) ಹೀಗೇ ಶುರುವಾಗುತ್ತದೆ, ತಣ್ಣೀರಿನಲ್ಲಿ ಅದು ಚಳಿಯ ವೇಷ ಹಾಕಿ ಬರುತ್ತದೆ. ಡ್ಯಾಮಿನಲ್ಲಿ ಇಳಿಯುವವರು ಇನ್ನೂ ಹುಷಾರಾಗಿರಬೇಕು: ಆಲಮಟ್ಟಿಯ ಪೂರ್ಣಮಟ್ಟವೇ ಸಮುದ್ರಮಟ್ಟದಿಂದ 519.60 ಮೀಟರ್ ಎತ್ತರ, 300 ಮೀಟರ್ ದಾಟಿದರೆ, ಎಷ್ಟು ಆಳದಲ್ಲಿ ಎಷ್ಟು ಹೊತ್ತು ಇರಬಹುದು ಎಂಬ ಸಮುದ್ರದ ಲೆಕ್ಕ ನಡೆಯುವುದಿಲ್ಲ, ಎತ್ತರದ ಲೆಕ್ಕವೇ ಬೇಕು. ಇಂಥ ಜೋಮು ಕಂಡರೆ ತಕ್ಷಣ ಶುದ್ಧ ಆಮ್ಲಜನಕ ಕೊಟ್ಟು ಡೈವಿಂಗ್ ಬಲ್ಲ ವೈದ್ಯರಿಗೆ ಫೋನ್ ಮಾಡಿ. ಅವರೂ ಮೊದಲು ಕೇಳುವುದು ಇದನ್ನೇ: ಯಾವ ಕೈ, ಎಷ್ಟು ಆಳ, ಎಷ್ಟು ನಿಮಿಷ, ಯಾವಾಗ ಶುರುವಾಯಿತು. ಇದನ್ನೆಲ್ಲ ಬರೆದಿಟ್ಟ ಪುಸ್ತಕ ಜೊತೆಗಿರಲಿ.